ಅಂತೋಣಪ್ಪನೂ ನಮ್ಮ ಬೀಗಿತ್ತಿಯ ಹಲ್ಲೂ

ಹಾಳುಬಿದ್ದ ಜಾಗವನ್ನು ಜನ ಬಸ್ಸು ಮಾಡಿಕೊಂಡು ಹೋಗಿ ಯಾಕೆ ನೋಡುತ್ತಾರೆ ಎಂಬುದು ನನಗೆ ಈ ವಯಸ್ಸಿನಲ್ಲೂ ಅರ್ಥವಾಗಿಲ್ಲ. ನೆಟ್ಟಗಿರುವ ಮನೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಮನೆಯ ಸೂರು ಬಿದ್ದು, ಗೋಡೆ ಕುಸಿದು, ಒಳಗೆ ಎಕ್ಕದ ಗಿಡ ಬೆಳೆದು ಏಳೆಂಟು ನೂರು ವರ್ಷ ಆದರೆ ಸಾಕು, ಸುತ್ತ ತಂತಿಬೇಲಿ ಹಾಕಿ, ನೀಲಿ ಬೋರ್ಡು ನೆಟ್ಟು, ಮುಟ್ಟಬೇಡಿ ಎಂದು ಬರೆಯುತ್ತಾರೆ. ಬೋಗಾದಿಯಲ್ಲಿ ನಮ್ಮ ಅತ್ತೆ ಮಾವ ಬಾಳಿದ ಮನೆ ಬಿದ್ದಾಗ ಯಾರೂ ಬೋರ್ಡು ನೆಡಲಿಲ್ಲ. ಒಂದು ಜೆಸಿಬಿ ಬಂತು, ಅರ್ಧ ದಿನದಲ್ಲಿ ಸೈಟು ಮಾಡಿ ಹೋಯಿತು. ನನಗೇನೂ ದುಃಖವಾಗಲಿಲ್ಲ. ಆ ಮನೆಯ ಒಲೆಯ ಹೊಗೆ ಕುಡಿದವಳು ನಾನು. ದುಃಖ ಪಟ್ಟವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡವರು.

ಇಂಥ ನನ್ನನ್ನು ಒಂದು ಮಂಗಳವಾರ ಬೆಳಿಗ್ಗೆ ಹಿರಿಯರ ಪ್ರವಾಸದ ಮಿನಿಬಸ್ಸಿಗೆ ಹತ್ತಿಸಿದವಳು ಮೊಮ್ಮಗಳು ಸಹನಾ. ಕಾರಣ ದೊಡ್ಡದೇನಲ್ಲ. ಮಾರನೆಯ ದಿನ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆ ತೊಳೆಯಬೇಕು, ಪರದೆ ಒಗೆಯಬೇಕು, ಆ ಗಲಾಟೆಯಲ್ಲಿ ಇಬ್ಬರು ಅಜ್ಜಿಯರು ಕಾಲಿಗೆ ಸಿಕ್ಕಬಾರದು. ಇಬ್ಬರು ಎಂದರೆ ಅವಳ ತಾಯಿಯ ತಾಯಿಯಾದ ನಾನು, ಅವಳ ತಂದೆಯ ತಾಯಿಯಾದ ನನ್ನ ಬೀಗಿತ್ತಿ ಸುಬ್ಬಲಕ್ಷ್ಮಮ್ಮ.

"ಅಜ್ಜಿ, ಬೆಳಿಗ್ಗೆ ಹಳೇ ದೇವಸ್ಥಾನ, ಮಧ್ಯಾಹ್ನ ಡೋರನಹಳ್ಳಿ ಚರ್ಚು, ಸಾಯಂಕಾಲ ಮನೆ. ಗೈಡ್ ಇರ್ತಾರೆ," ಎಂದಳು.

"ದಾರಿ ತೋರ್ಸಕ್ಕೆ ನಾವೇನು ಕುರುಡ್ರೇನೇ?"

"ದಾರಿ ತೋರ್ಸಕ್ಕಲ್ಲಜ್ಜಿ, ಕಥೆ ಹೇಳಕ್ಕೆ."

"ನಿಮ್ಮಜ್ಜಿ ಪಕ್ಕದಲ್ಲೇ ಕೂತಿರ್ತಾರಲ್ಲ, ಕಥೆ ಹೇಳಕ್ಕೆ ಇನ್ನೊಬ್ರು ಯಾಕೆ?"

ಸುಳ್ಳಲ್ಲ. ಸುಬ್ಬಲಕ್ಷ್ಮಮ್ಮನವರದು ಅರಮನೆಯಲ್ಲಿ ಪುರಾಣ ಓದುತ್ತಿದ್ದವರ ಮನೆತನ. ನಮ್ಮದು ರಾಗಿ ಬೆಳೆದವರದು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಅದೂ ಮೇಷ್ಟರು ಬಿಡಿಸುವ ಮೊದಲೇ. ನನ್ನ ಮಗಳೂ ಅವರ ಮಗನೂ ಕಾಲೇಜಿನಲ್ಲಿ ಒಪ್ಪಿಕೊಂಡು ಬಂದಾಗ ಎರಡೂ ಮನೆಯವರು ಮುಖ ಊದಿಸಿಕೊಂಡೆವು. ಆಮೇಲೆ ಸಹನಾ ಹುಟ್ಟಿದಳು, ಊತ ಇಳಿಯಿತು. ಈಗ ನಾವಿಬ್ಬರೂ ಬೈದುಕೊಳ್ಳುವಷ್ಟು ಹತ್ತಿರವಾಗಿದ್ದೇವೆ. ಆದರೆ ಹೊರಗಿನವರು ಬಂದಾಗ ಮಾತಾಡುವ ಹಕ್ಕು ಆಕೆಯದು. ನಾನು ಬಾಯಿ ಬಿಟ್ಟರೆ ಗಂಡಿನ ಕಡೆಯವರು ಉಪ್ಪಿಟ್ಟು ಬಿಟ್ಟು ಎದ್ದು ಹೋಗುತ್ತಾರೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಒಂದು ಸಲ ಹಾಗಾಗಿಯೂ ಇದೆ. ಹುಡುಗನ ತಲೆಯಲ್ಲಿ ಕೂದಲು ಯಾಕೆ ಕಮ್ಮಿ ಎಂದು ಕೇಳಿದ್ದೆ, ಅಷ್ಟೆ. ಎಲ್ಲರಿಗೂ ಕಾಣುತ್ತಿದ್ದುದನ್ನೇ ಕೇಳಿದ್ದು.

ಬೀಗಿತ್ತಿಗೆ ಹೋದ ವರ್ಷ ಮೇಲೂ ಕೆಳಗೂ ಪೂರ್ತಿ ಹಲ್ಲಿನ ಸೆಟ್ಟು ಕಟ್ಟಿಸಿದ್ದಾರೆ. ಬೆಳ್ಳಗೆ ಸಾಲಾಗಿ ಇದೆ, ಹುಟ್ಟಿದ್ದಕ್ಕಿಂತ ಚೆನ್ನಾಗಿದೆ. ಆದರೆ ಮಡಿಯ ವಿಷಯದಲ್ಲಿ ಆಕೆ ಬಹಳ ಕಟ್ಟುನಿಟ್ಟು. ಬಾಯಲ್ಲಿದ್ದದ್ದು ಎಂಜಲು, ಎಂಜಲನ್ನು ಇಟ್ಟುಕೊಂಡು ದೇವರ ಮುಂದೆ ನಿಲ್ಲಬಾರದು. ಸ್ವಂತ ಹಲ್ಲಾದರೆ ಕೀಳುವ ಹಾಗಿಲ್ಲ, ದೇವರೇ ಕೊಟ್ಟದ್ದು. ಇದು ಡಾಕ್ಟರು ಕೊಟ್ಟದ್ದು, ಆದ್ದರಿಂದ ತೆಗೆದೇ ಕೈ ಮುಗಿಯಬೇಕು. ಅದಕ್ಕೆಂದು ಕೆಂಪು ಪಟ್ಟೆಯ ರವಿಕೆ ಬಟ್ಟೆಯ ಒಂದು ಚೌಕ ಯಾವಾಗಲೂ ಸೊಂಟದಲ್ಲಿರುತ್ತದೆ. ಶಾಸ್ತ್ರದಲ್ಲಿ ಹಲ್ಲಿನ ಸೆಟ್ಟಿನ ಬಗ್ಗೆ ಬರೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಮಡಿ ಇನ್ನೂ ಜಾಸ್ತಿ.

ಹಳೆಯ ದೇವಸ್ಥಾನ ಕೆ.ಆರ್. ನಗರ ದಾಟಿದ ಮೇಲೆ ಹೊಳೆಯ ಕಡೆಗೆ ಇತ್ತು. ಗೈಡ್ ನಲವತ್ತು ದಾಟಿದ ಮನುಷ್ಯ, ತಲೆಗೆ ಟೋಪಿ, ಕುತ್ತಿಗೆಗೆ ಸೀಟಿ. ರಾಜನ ಹೆಸರು, ರಾಣಿಯ ಹೆಸರು, ರಾಜನ ಅಪ್ಪನ ಹೆಸರು ಎಲ್ಲ ಹೇಳಿದ. ಕಲ್ಲು ಹೊತ್ತವರ ಹೆಸರು ಕೇಳಿದೆ, ಅದು ಶಾಸನದಲ್ಲಿ ಇಲ್ಲವಂತೆ. ಒಂದು ಕಲ್ಲಿನ ಮೇಲೆ ಕೂತೆ. ವಾಚ್‌ಮನ್ ಓಡಿ ಬಂದು, "ಏಳಮ್ಮ, ಅದು ಎಂಟುನೂರು ವರ್ಷದ ಕಲ್ಲು," ಎಂದ. "ನನ್ ಮಂಡಿನೂ ಅಷ್ಟೇ ಹಳೇದು ಕಣಪ್ಪ," ಎಂದೆ. ಆದರೂ ಎಬ್ಬಿಸಿದ.

ಗರ್ಭಗುಡಿಯಲ್ಲಿ ಬರೀ ಪೀಠ, ಮೂರ್ತಿ ಇಲ್ಲ. "ಇಲ್ಲಿ ಪೂಜೆ ನಡೆಯಲ್ಲ, ಚಪ್ಪಲಿ ಹಾಕ್ಕೊಂಡೇ ಬರಬಹುದು," ಎಂದ ಗೈಡ್. ಬೀಗಿತ್ತಿ ಅವನನ್ನು ಕೆಕ್ಕರಿಸಿ ನೋಡಿದರು. "ಪೂಜೆ ನಿಂತ ಮಾತ್ರಕ್ಕೆ ದೇವರು ಎದ್ದು ಹೋಗ್ತಾನೇನ್ರೀ?" ಎಂದು ಚಪ್ಪಲಿ ಬಿಟ್ಟರು, ಗೋಡೆಯ ಕಡೆ ತಿರುಗಿ ಹಲ್ಲನ್ನೂ ಬಿಚ್ಚಿದರು. ಬಾಗಿಲ ಪಕ್ಕದಲ್ಲಿ ಒಂದು ಕಲ್ಲಿನ ಗೂಡು, ಅದರಲ್ಲಿ ಎಣ್ಣೆ ಜಿಡ್ಡಿನ ಮಣ್ಣಿನ ಹಣತೆ. ಕೆಂಪು ಗಂಟನ್ನು ಹಣತೆಯ ಪಕ್ಕ ಇಟ್ಟು ಪ್ರದಕ್ಷಿಣೆಗೆ ಹೊರಟರು. ನಾಳೆಯ ಮಾತುಕತೆ ಸುಸೂತ್ರವಾಗಲಿ ಎಂದು ಬೇಡಿಕೊಂಡಿರಬೇಕು. ಅಷ್ಟರಲ್ಲಿ ಗೈಡ್ ಸೀಟಿ ಊದಿದ. ಸೀಟಿ ಕೇಳಿದರೆ ನಮ್ಮ ವಯಸ್ಸಿನವರಿಗೆ ಬೇರೆ ಯಾವುದೂ ನೆನಪಿರುವುದಿಲ್ಲ, ಸೀಟು ಹೋಗುತ್ತದೆ ಎಂಬುದೊಂದೇ ಯೋಚನೆ. ಎಲ್ಲರೂ ಓಡಿದೆವು.

ಬಸ್ಸು ಕೆ.ಆರ್. ನಗರದ ಪೇಟೆ ದಾಟುವಾಗ ಹಿಂದಿನ ಸೀಟಿನವರು ಸೀಬೆಹಣ್ಣಿನ ಹೋಳು ಹಂಚಿದರು. ಬೀಗಿತ್ತಿ ಒಂದು ಹೋಳು ಬಾಯಿಗೆ ಹಾಕಿಕೊಂಡವರು ಹಾಗೇ ಕಲ್ಲಾದರು. ಸೆರಗು ಬಾಯಿಗೆ ಬಂತು. ಕಣ್ಣು ನನ್ನ ಕಡೆ ತಿರುಗಿತು. ಆ ಕಣ್ಣು ನೋಡಿ ನಾನು ಹೃದಯಕ್ಕೇ ಏನೋ ಆಯಿತು ಅಂದುಕೊಂಡೆ. ಅದಕ್ಕಿಂತ ದೊಡ್ಡದಾಗಿತ್ತು.

"ಗೂಡಲ್ಲೇ ಬಿಟ್ಬಿಟ್ಟೆ ಕಣ್ರೀ," ಎಂದು ಸೆರಗಿನೊಳಗಿಂದ ದನಿ ಬಂತು. "ಹಲ್ಲು ಅಂತ ಮಾತ್ರ ಯಾರ್ಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ. ನಾಳೆ ಅವರ ಮುಂದೆ ಹ್ಯಾಗೆ ಕೂರಲಿ?"

ಎದ್ದು ಹೋಗಿ ಗೈಡಿಗೆ ಹೇಳಿದೆ: "ಒಂದು ಕೆಂಪು ಪಟ್ಟೆ ಗಂಟು ಮರೆತ್ಬುಟ್ಟಿದ್ದಾರೆ, ಬಸ್ಸು ತಿರುಗ್ಸಪ್ಪ." ಮುಂದಿನ ಸೀಟಿನಲ್ಲಿದ್ದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, "ಈಗ ವಾಪಸ್ ಹೋದ್ರೆ ಊಟ ಆರಿ ಹೋಗತ್ತೆ," ಎಂದರು. ಊಟದ ಹೆಸರು ಕೇಳಿದ ಕೂಡಲೇ ಇಡೀ ಬಸ್ಸು ಅವರ ಕಡೆಗಾಯಿತು. ಗೈಡ್ ವಾಚ್‌ಮನ್‌ಗೆ ಫೋನು ಮಾಡಿದ. ವಾಚ್‌ಮನ್ ಮನೆಗೆ ಉಣ್ಣಲು ಹೋಗಿದ್ದನಂತೆ, ಮುಗಿಸಿ ನೋಡುತ್ತೇನೆ ಎಂದ. "ಕೋತಿ ಎತ್ಕೊಂಡು ಹೋಗಿಲ್ಲ ಅಂದ್ರೆ ಇರುತ್ತೆ," ಎಂದೂ ಸೇರಿಸಿದ. ಬೀಗಿತ್ತಿ ಕಣ್ಣು ಮುಚ್ಚಿಕೊಂಡರು. ಕೋತಿಯೊಂದು ಆ ಸೆಟ್ಟು ಹಾಕಿಕೊಂಡು ಗೋಪುರದ ಮೇಲೆ ಕೂತು ನಗುವುದು ನನ್ನ ಕಣ್ಣಿಗೂ ಬಂತು. ಹೇಳಲಿಲ್ಲ. ನನಗೂ ಒಂದು ಮಿತಿ ಇದೆ.

ಡೋರನಹಳ್ಳಿಯ ಚರ್ಚಿನಲ್ಲಿ ಮಂಗಳವಾರವಾದ್ದರಿಂದ ಜನವೋ ಜನ. ಕುಂಕುಮದವರು, ಬುರ್ಖಾದವರು, ಶಿಲುಬೆಯವರು ಎಲ್ಲ ಒಂದೇ ಸಾಲಿನಲ್ಲಿ. ನಮ್ಮ ಕಡೆಯವರು ಸಂತ ಅಂತೋಣಿಯನ್ನು ಅಂತೋಣಪ್ಪ ಎಂದೇ ಕರೆಯುವುದು. ಒಬ್ಬ ರೈತ ಹೊಲ ಉಳುವಾಗ ಮಣ್ಣಿನಲ್ಲಿ ಸಿಕ್ಕ ಮೂರ್ತಿಯಂತೆ ಅದು. "ಕಳೆದುಹೋದ ವಸ್ತು ಸಿಗಲಿ ಅಂತ ಬೇಡ್ಕೊಳ್ಳೋರು ಇಲ್ಲಿಗೆ ಬರ್ತಾರೆ," ಎಂದ ಗೈಡ್. ಅವನು ಬೆಳಗಿನಿಂದ ಹೇಳಿದ್ದರಲ್ಲಿ ಬೀಗಿತ್ತಿಗೆ ಹಿಡಿಸಿದ್ದು ಇದೊಂದೇ. ನನ್ನ ತೋಳು ಚಿವುಟಿದರು.

"ನೀವೇ ಕೇಳ್ರೀ. ನನಗೆ ಬಾಯಿ ಬಿಡಕ್ಕಾಗಲ್ಲ."

"ನಿಮ್ಮ ಹಲ್ಲು, ನೀವೇ ಮನಸ್ಸಲ್ಲಿ ಕೇಳ್ಕೊಳ್ಳಿ."

"ಮನಸ್ಸಲ್ಲಿ ಕೇಳೋದಕ್ಕೆ ನನ್ನ ಭಾಷೆ ಅವರಿಗೆ ಹೊಸದು. ಜೋರಾಗಿ ಹೇಳಿ. ಏನಾದ್ರೂ ಹರಕೆನೂ ಹೇಳಿ, ಸುಮ್ಮನೆ ಕೇಳಿದ್ರೆ ಚೆನ್ನಾಗಿರಲ್ಲ."

ಮೋಂಬತ್ತಿ ಹಚ್ಚಿ ಹಿಡಿದುಕೊಂಡೆ. ಜೋರಾಗಿ ಹೇಳಿ ಎಂದರಲ್ಲ, ಜೋರಾಗಿಯೇ ಹೇಳಿದೆ. "ಅಂತೋಣಪ್ಪ, ನಾವು ಮೈಸೂರ್ನೋರು. ಈಯಮ್ಮ ನಮ್ಮ ಬೀಗಿತ್ತಿ. ಹಲ್ಲಿನ ಸೆಟ್ಟು ಕಳ್ಕೊಂಡವ್ರೆ. ನಾಳೆ ಮೊಮ್ಮಗಳನ್ನ ನೋಡಕ್ಕೆ ಬರ್ತಾರೆ, ಈಯಮ್ಮ ಮಾತಾಡ್ಲಿಲ್ಲ ಅಂದ್ರೆ ನಾನು ಮಾತಾಡ್ಬೇಕಾಗ್ತದೆ. ಅದು ಯಾರ್ಗೂ ಒಳ್ಳೇದಲ್ಲ. ಹಲ್ಲು ಸಿಗಂಗೆ ಮಾಡಪ್ಪ. ಸಿಕ್ಕಿದ್ರೆ, ಮೊಮ್ಮಗಳ ಮದುವೆ ಆಗೋಗಂಟ ಈಯಮ್ಮ ಕಾಫಿ ಮುಟ್ಟಾಕಿಲ್ಲ."

ಕಾಫಿ ಇಲ್ಲದೆ ಬೀಗಿತ್ತಿಗೆ ಬೆಳಗಾಗುವುದಿಲ್ಲ. ನನಗೂ ಆಗುವುದಿಲ್ಲ, ಆದರೆ ಹಲ್ಲು ನನ್ನದಲ್ಲವಲ್ಲ. ತೋಳಿಗೆ ಇನ್ನೊಂದು ಚಿವುಟು ಬಿತ್ತು, ಈ ಸಲ ಉಗುರು ಸೇರಿಸಿ. ಹಿಂದೆ ನಿಂತಿದ್ದ ಬ್ಯಾಂಕ್ ಮ್ಯಾನೇಜರು, "ಓ, ಹಲ್ಲಾ? ಹಲ್ಲು ಅಂದಿದ್ರೆ ಬಸ್ಸು ತಿರುಗಿಸ್ತಿದ್ವಲ್ರೀ," ಎಂದರು. ಅವರ ಮಾತು ಕೇಳಿ ಸಾಲಿನಲ್ಲಿದ್ದ ಎಲ್ಲರೂ ಸೆರಗು ಮುಚ್ಚಿದ ಬಾಯನ್ನೇ ನೋಡತೊಡಗಿದರು.

ಊಟ ಮುಗಿದು ಮರದ ಕೆಳಗೆ ಕೂತಿದ್ದಾಗ ವಾಚ್‌ಮನ್ ಬೈಕಿನಲ್ಲಿ ಬಂದ. ಚಪ್ಪಲಿ ದೂರದಲ್ಲೇ ಬಿಟ್ಟ. ಎರಡು ಕೈಯಲ್ಲೂ ಬಾಳೆ ಎಲೆಯ ಚೂರು, ಅದರ ಮೇಲೆ ಕೆಂಪು ಗಂಟು, ಗಂಟಿನ ಮೇಲೆ ಅರಿಶಿನ, ಕುಂಕುಮ, ಒಂದು ದಾಸವಾಳ. ಮಂಗಳವಾರ ಊರಿನ ಹೆಂಗಸರು ಆ ಗೂಡಿನಲ್ಲಿ ದೀಪ ಹಚ್ಚುತ್ತಾರಂತೆ. ಹಣತೆಯ ಪಕ್ಕ ಪಟ್ಟೆ ಬಟ್ಟೆಯಲ್ಲಿ ಏನೋ ಕೂತಿರುವುದು ನೋಡಿ, ಬಿಚ್ಚಿ ನೋಡುವುದು ತಪ್ಪಾದೀತೆಂದು ಹಾಗೇ ಪೂಜೆ ಮಾಡಿದ್ದಾರೆ.

"ನಾನು ಹೋದಾಗ ಕಾಯಿ ಒಡೀತಾ ಇದ್ರು. ಮಂಗಳಾರತಿ ಆಗೋವರ್ಗೂ ಕೊಡಕ್ಕಿಲ್ಲ ಅಂದ್ರು, ಅದಕ್ಕೇ ತಡ ಆಯ್ತು," ಎಂದ. ಆಮೇಲೆ ದನಿ ತಗ್ಗಿಸಿ, "ಒಳಗೆ ಯಾವ ದೇವ್ರಮ್ಮ?" ಎಂದ.

"ಅಗಿಯೋ ದೇವ್ರು ಕಣಪ್ಪ," ಎಂದೆ. ಅವನು ಕೈ ಮುಗಿದ.

ಸಿಕ್ಕಿತಲ್ಲ ಎಂದು ನಾನು ಏಳಲು ಹೊರಟರೆ ಬೀಗಿತ್ತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡುತ್ತಿಲ್ಲ. ದೇವರ ಮುಂದೆ ಇಟ್ಟುಕೊಳ್ಳಬಾರದ ಎಂಜಲು ಈಗ ದೇವರೇ ಆಗಿ ಬಂದಿದೆ. ಕಾಯಿ ಒಡೆಸಿಕೊಂಡದ್ದನ್ನು ಮತ್ತೆ ಬಾಯೊಳಗೆ ಹಾಕಿಕೊಳ್ಳುವುದು ಹೇಗೆ? ಪುರಾಣದ ಮನೆತನ ಪೂರ್ತಿ ಆ ಮುಖದಲ್ಲಿ ಯೋಚನೆ ಮಾಡುತ್ತಿತ್ತು. ಅತ್ತ ಗೈಡ್ ಸೀಟಿಗೆ ಕೈ ಹಾಕುತ್ತಿದ್ದ.

"ಪೂಜೆ ಆದ್ಮೇಲೆ ಅದು ಪ್ರಸಾದ ಅಲ್ವೇನ್ರೀ?" ಎಂದೆ. "ಪ್ರಸಾದನ ಬಾಯಿಗೆ ಹಾಕ್ಕೊಳ್ದೆ ಇನ್ನೆಲ್ಲಿಗೆ ಹಾಕ್ಕೊಂಡೀರಿ?"

ಆಕೆ ದಾಸವಾಳವನ್ನು ಬಾಳೆ ಎಲೆಯ ಮೇಲೆ ಬಿಟ್ಟು ಗಂಟು ಬಿಚ್ಚಿದರು. ಎದ್ದು ನಲ್ಲಿಯ ಹತ್ತಿರ ಹೋಗಿ ತೊಳೆದರು, ಕಣ್ಣಿಗೆ ಒತ್ತಿಕೊಂಡರು, ಹಾಕಿಕೊಂಡರು. ಮೂಲೆಯ ಒಂದು ಹಲ್ಲಿನ ಸಂದಿಯಲ್ಲಿ ಕುಂಕುಮ ಉಳಿದಿತ್ತು. ಈಗಲೂ ಇದೆ.

ಬಸ್ಸನ್ನು ಇಲವಾಲದಲ್ಲಿ ಕಾಫಿಗೆ ನಿಲ್ಲಿಸಿದರು. ಬೀಗಿತ್ತಿ ಕೈ ಚಾಚಿ ಒಂದು ಲೋಟ ತೆಗೆದುಕೊಂಡರು. ನಾನು ಹರಕೆ ನೆನಪಿಸಿದೆ. ಅದಕ್ಕೇ ಕಾಯುತ್ತಿದ್ದರು.

"ನನ್ನ ಕಾಫಿನ ಹರಕೆಗೆ ಕಟ್ಟೋದಕ್ಕೆ ನೀವ್ಯಾರ್ರೀ? ಅವರವರ ಹರಕೆ ಅವರವರೇ ಹೊರಬೇಕು. ಮೋಂಬತ್ತಿ ಹಿಡಿದಿದ್ದು ಯಾರ ಕೈ? ಮಾತು ಕೊಟ್ಟಿದ್ದು ಯಾರ ಬಾಯಿ?" ಎಂದು ಎಲ್ಲ ಹಲ್ಲೂ ಕಾಣುವ ಹಾಗೆ ನಕ್ಕು, ನನ್ನ ಕಡೆಗೆ ಬರುತ್ತಿದ್ದ ಲೋಟವನ್ನು ಬ್ಯಾಂಕ್ ಮ್ಯಾನೇಜರ ಕಡೆಗೆ ತಿರುಗಿಸಿದರು.

ಮ್ಯಾನೇಜರು ನ್ಯಾಯವೆಂದರು. ಇಡೀ ಬಸ್ಸೂ ಅಂದಿತು. ನನಗೆ ಭಕ್ತಿ ಗಿಕ್ತಿ ಅಷ್ಟಕ್ಕಷ್ಟೇ. ನಮ್ಮ ಊರ ದೇವರಾಗಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ, ಹಳೆಯ ಪರಿಚಯ. ಅಂತೋಣಪ್ಪನ ಸ್ವಭಾವ ನನಗೆ ಗೊತ್ತಿಲ್ಲ. ಕೇಳಿದ ಎರಡು ಗಂಟೆಯಲ್ಲಿ ಕೆಲಸ ಮುಗಿಸಿ ಕೈಗೆ ಕೊಟ್ಟವನು, ಬಾಕಿ ಉಳಿಸಿಕೊಂಡವರನ್ನು ಸುಮ್ಮನೆ ಬಿಡುವವನ ಹಾಗೆ ಕಾಣಲಿಲ್ಲ.

ಮಾರನೆಯ ದಿನ ಗಂಡಿನ ಕಡೆಯವರು ಬಂದರು. ಬೀಗಿತ್ತಿ ಮಾತಾಡಿದರು. ಅರಮನೆಯಿಂದ ಶುರುಮಾಡಿ ಇವತ್ತಿನವರೆಗೆ ಬಂದರು, ಒಂದು ಅಕ್ಷರ ಜಾರಲಿಲ್ಲ. ನಾನು ಕಾಫಿ ಬೇಡವೆಂದಾಗ ಹುಡುಗನ ತಾಯಿ ಯಾಕೆಂದು ಕೇಳಿದರು. "ನಮ್ಮ ಬೀಗ್ರು ಮೊಮ್ಮಗಳಿಗೋಸ್ಕರ ವ್ರತ ಹಿಡಿದಿದ್ದಾರೆ," ಎಂದರು ಬೀಗಿತ್ತಿ. ಆಯಮ್ಮ ಎದ್ದು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಇಂಥ ಹಿರಿಯರಿರುವ ಮನೆಯ ಹೆಣ್ಣು ನಮಗೆ ಒಪ್ಪಿಗೆ ಎಂದು ಸಂಜೆಯೇ ಫೋನು ಬಂತು.

ಒಪ್ಪದವಳು ಸಹನಾ. ಇನ್ನೂ ಯೋಚನೆ ಮಾಡಬೇಕಂತೆ, ಹುಡುಗನ ಜೊತೆ ನಾಲ್ಕಾರು ಸಲ ಮಾತಾಡಬೇಕಂತೆ, ಮುಂದಿನ ವರ್ಷ ನೋಡೋಣವಂತೆ. ಸರಿಯಾದ ಮಾತೇ. ಬೇರೆ ಯಾವ ವರ್ಷವಾದರೂ ನಾನೇ ಹೇಳುತ್ತಿದ್ದೆ. ಹುಡುಗ ಬಾಗಿಲೊಳಗೆ ಬಂದಾಗ ನನಗೇನೂ ಅಂಥಾ ಒಳ್ಳೇ ವರ ಅನ್ನಿಸಿರಲಿಲ್ಲ. ಕಿವಿ ಸ್ವಲ್ಪ ದೊಡ್ಡದು, ನಡಿಗೆ ಸ್ವಲ್ಪ ಸೊಟ್ಟ. ಈಗ ಹದಿನೈದು ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಅವಳ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂರುತ್ತೇನೆ. ಅಡುಗೆಮನೆಯಿಂದ ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿರುತ್ತದೆ. ದೊಡ್ಡ ಕಿವಿಯವರು ಹೆಂಡತಿಯ ಮಾತು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಕಣೇ ಎನ್ನುತ್ತೇನೆ.