ಓವನ್ನಿನಲ್ಲಿ ಬೆಂದ ಮುಖ

ಬೇರೆಯವರ ದನಿ ಕದಿಯುವವನಿಗೆ ಒಂದು ಅನುಕೂಲವಿದೆ: ಸ್ವಂತದ್ದನ್ನು ಬಳಸುವ ಖರ್ಚೇ ಇಲ್ಲ. ಆಫೀಸಿನಲ್ಲಿ ನಮ್ಮ ಮ್ಯಾನೇಜರನ ಕೆಮ್ಮನ್ನು ನಾನು ಅವನಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಆಮೇಲೆ ಡಾಟ್‌ಕಾಮ್ ಗುಳ್ಳೆ ಒಡೆದು ಕಂಪನಿಯೇ ಮುಚ್ಚಿತು. ನನ್ನ ಬಳಿ ಉಳಿದದ್ದು ಆ ಕೆಮ್ಮೊಂದೇ. ಅದನ್ನು ರೆಸ್ಯೂಮೆಯಲ್ಲಿ ಹಾಕುವಂತಿಲ್ಲ.

ಆಗ ನನಗೆ ಮಲಗಲು ಸೋಫಾ ಕೊಟ್ಟವರು ಅಮೆರಿಕದ ಮಿಲ್ಪಿಟಾಸಿನ ಸುಮತಿ ಅಕ್ಕ. ಒಡಹುಟ್ಟಿದವರಲ್ಲ, ಕಾಲೇಜಿನ ಗೆಳೆಯನ ಅಕ್ಕ, ಉಡುಪಿಯವರು. "ಒಂದು ವಾರ ಇರು ಮಾರಾಯ" ಎಂದಿದ್ದರು. ಸಂಕ್ರಾಂತಿಗೆ ಶುರುವಾದ ಆ ವಾರ ಯುಗಾದಿಯನ್ನೂ ದಾಟಿತ್ತು. ಯಾವಾಗ ಹೊರಡುತ್ತೀ ಎಂದು ಯಾರೂ ಕೇಳಲಿಲ್ಲ. ಈ ಉಪಕಾರಕ್ಕೆ ಪ್ರತಿಯಾಗಿ ನಾನು ಅವರ ಅನ್ನ ಉಂಡು ಅವರ ಮಾತನ್ನೇ ಅಣಕಿಸುತ್ತಿದ್ದೆ. "ಎಂತ ಮಾರಾಯ್ರೇ, ಕಾಫಿ ಬೇಕಾ?" ಎಂದು ನಾನು ಅಕ್ಕನ ದನಿಯಲ್ಲಿ ಕೂಗಿದರೆ, ಬಾತ್‌ರೂಮಿನಿಂದ ಭಾವ "ಹಾಂ ಸುಮತಿ, ಸ್ವಲ್ಪ ಸ್ಟ್ರಾಂಗ್ ಮಾಡು" ಎನ್ನುತ್ತಿದ್ದರು.

ಅವರ ಮಗಳು ನಿಕ್ಕಿ ಮೂರನೇ ಕ್ಲಾಸು. ಮನೆಯಲ್ಲಿ ಪಟಾಕಿ, ಕ್ಲಾಸಿನಲ್ಲಿ ತುಟಿ ಬಿಚ್ಚದ ಗೊಂಬೆ. ಆ ತಿಂಗಳು ಅವರಿಗೆ ಕೆರಿಬಿಯನ್ ದ್ವೀಪಗಳ ಪಾಠ. ಅಲ್ಲಿನ ಮೂಲನಿವಾಸಿಗಳ ಕಲೆಯಿಂದ ಸ್ಫೂರ್ತಿ ಪಡೆದು ಕಾಗದದ ಮುಖವಾಡ ಮಾಡಬೇಕು, ಶುಕ್ರವಾರ ಅದನ್ನು ಹಾಕಿಕೊಂಡು ಎಲ್ಲರೆದುರು ಮಾತಾಡಬೇಕು. ಮಾತೆಂದರೆ ಸಾಕು, ಹುಡುಗಿಗೆ ಹೊಟ್ಟೆನೋವು. "ಮುಖವಾಡ ನಾನು ಮಾಡಿಸ್ತೀನಿ, ಅದರ ಹಿಂದೆ ನೀನು ಯಾರಿಗೂ ಕಾಣಲ್ಲ" ಎಂದು ಮಾತು ಕೊಟ್ಟೆ. ಆಮೇಲೆ ತಿಳಿಯಿತು, ಟೀಚರಮ್ಮ ಒಂದು ಷರತ್ತು ಹಾಕಿದ್ದರು: ಅಲ್ಲಿನವರ ಮುಖವಾಡವನ್ನು ನಕಲು ಮಾಡಬಾರದು, ನಿಮ್ಮದೇ ಮುಖ ಮಾಡಿ. ನಕಲು ಬಿಟ್ಟರೆ ನನಗೆ ಬೇರೇನು ಬರುತ್ತದೆ, ಸ್ವಾಮಿ?

ಲೈಬ್ರರಿಯ ಪುಸ್ತಕದಲ್ಲಿ ಕೆಂಪು ಬಣ್ಣ, ಗರಿ, ಚಿಪ್ಪುಗಳನ್ನು ನೋಡಿಕೊಂಡು ಕೆಲಸ ಶುರು ಮಾಡಿದೆವು. ಬಲೂನು ಊದಿ, ಗಾಳಿಪಟಕ್ಕೆ ಕಾಯಿಸುವ ಹಾಗೆ ಮೈದಾ ಅಂಟು ಕಾಯಿಸಿ, ಪತ್ರಿಕೆಯ ಉದ್ಯೋಗದ ಪುಟಗಳನ್ನು ಹರಿದು ಬಲೂನಿನ ಮೇಲೆ ಅಂಟಿಸಿದೆವು. ಆ ಪುಟಗಳಿಂದ ನನಗಾದ ಉಪಯೋಗ ಅದೊಂದೇ. ಮೊಟ್ಟೆಯ ಡಬ್ಬದ ತುಂಡು ಮೂಗಾಯಿತು. ಆದರೆ ಹೊರಗೆ ಜಡಿಮಳೆ, ಮುಖ ಒಣಗುತ್ತಿಲ್ಲ. ಈ ದೇಶದಲ್ಲಿ ನಮ್ಮವರ ಮನೆಯ ಓವನ್ ಇರುವುದು ದೋಸೆಹಿಟ್ಟು ಹುದುಗಿಸಲು. ಒಳಗಿನ ದೀಪ ಹಾಕಿಟ್ಟರೆ ಅದೇ ಬೆಚ್ಚಗಿನ ಮೂಲೆ. ನಾನು ಮುಖವಾಡವನ್ನೂ ಬಲೂನಿನ ಸಮೇತ ಅಲ್ಲೇ, ಹಿಟ್ಟಿನ ಪಾತ್ರೆಯ ಹಿಂದೆ ಇಟ್ಟೆ. ಅಕ್ಕನಿಗೆ ಹೇಳಲು ಮರೆತೆ.

ಗುರುವಾರ ಸಂಜೆ ಅಕ್ಕ ಹಿಟ್ಟು ಈಚೆ ತೆಗೆದು, ನಿಕ್ಕಿಗೆ ಪಿಜ್ಜಾ ಮಾಡೋಣವೆಂದು ಓವನ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಢಮಾರ್!

"ಭೂಕಂಪ!" ಎಂದು ಭಾವ ಓಡಿ ಬಾಗಿಲ ಚೌಕಟ್ಟಿನ ಕೆಳಗೆ ನಿಂತರು, ಒಬ್ಬರೇ.

ಬಲೂನು ಸತ್ತಿತ್ತು. ಮುಖದ ಒಂದು ಕೆನ್ನೆ ಒಳಗೆ ಕುಸಿದು, ಮೂಗು ಎಡಕ್ಕೆ ತಿರುಗಿ, ಬಾಯಿ ಇಷ್ಟಗಲ ತೆರೆದುಕೊಂಡಿತ್ತು. "ಇಟ್ಸ್ ರೂಯಿನ್ಡ್, ಮಾಮ" ಎಂದು ನಿಕ್ಕಿ ಅಳತೊಡಗಿದಳು.

"ಅಯ್ಯೋ ದೇವರೇ! ಹಿಟ್ಟಿನ ಹಿಂದೆ ಯಾರಾದ್ರೂ ಮುಖ ಇಡ್ತಾರಾ ಮಾರಾಯ?" ಎಂದು ಅಕ್ಕ ತಲೆಗೆ ಕೈಹಚ್ಚಿದರು.

ಬೇರೆ ದಿನವಾಗಿದ್ದರೆ ಆ ಮಾತನ್ನು ಅಲ್ಲೇ ಅಣಕಿಸುತ್ತಿದ್ದೆ. ಅಂದು ಓವನ್ ಆರಿಸಿ, ಮುಖವಾಡವನ್ನು ಈಚೆ ತೆಗೆದೆ. ನಿಕ್ಕಿ ಮುಖವಾಡವನ್ನು ನನ್ನ ಕಿವಿಯ ಪಕ್ಕ ಹಿಡಿದಳು. "ವೇಟ್... ಇಟ್ ಲುಕ್ಸ್ ಲೈಕ್ ಯೂ!"

"ಹೌದಲ್ವಾ! ಬಾಯಿ ಮುಚ್ಚೂದೇ ಇಲ್ಲ" ಎಂದರು ಅಕ್ಕ.

ಅಳು ನಗೆಯಾಯಿತು. ಎಲ್ಲರೂ ನೆಲದ ಮೇಲೆ ಕೂತು ಕೆಂಪು ಬಳಿದೆವು. ಭಾವ ಊರಿಂದ ತಂದಿದ್ದ ಚೌಕಾಬಾರದ ಕವಡೆಗಳನ್ನು ಕೊಟ್ಟು, ತಾವೇ ಹುಬ್ಬಿಗೆ ಅಂಟಿಸಿದರು.

ಶುಕ್ರವಾರ ನಾವು ಮೂವರೂ ಕ್ಲಾಸಿನ ಹಿಂದೆ ನಿಂತಿದ್ದೆವು. ಮುಖವಾಡ ಎದ್ದು ನಿಂತಿತು. ಅಕ್ಕ ನನ್ನ ತೋಳನ್ನು ಹಿಂಡುತ್ತಿದ್ದರು. ಆಮೇಲೆ ಮುಖವಾಡ ಕೆಮ್ಮಿತು, ನಾನು ಮನೆಯಲ್ಲಿ ಕೆಮ್ಮಿ ತೋರಿಸುತ್ತಿದ್ದ ನಮ್ಮ ಮ್ಯಾನೇಜರನ ಕೆಮ್ಮು! ಇಂಗ್ಲಿಷಿನಲ್ಲಿ ತನ್ನ ಮೂಗು ಸೊಟ್ಟಗಾದ ಕತೆ ಹೇಳಿತು, ಭಾವನ ಭೂಕಂಪವನ್ನೂ ಬಿಡಲಿಲ್ಲ. ಕೊನೆಗೆ ಸೋಫಾದ ಮೇಲೆ ಒರಗಿದವನಂತೆ ಕೈಕಾಲು ಚಾಚಿ, ಆಕಳಿಸುತ್ತ, ಅಚ್ಚ ಕನ್ನಡದಲ್ಲಿ, "ನಾಳೆಯಿಂದ ಖಂಡಿತ ಕೆಲಸ ಹುಡುಕ್ತೀನಿ ಅಕ್ಕಾ" ಎಂದಿತು. ನನ್ನದೇ ದನಿ. ನನಗೆ ಅಂಥದ್ದೊಂದು ದನಿ ಇದೆಯೆಂದು ಗೊತ್ತಾದದ್ದೇ ಆಗ. ಮಾತು ಅರ್ಥವಾಗದ ಮಕ್ಕಳೂ ಬಿದ್ದು ಬಿದ್ದು ನಕ್ಕರು. ಅಕ್ಕ ಮಾತ್ರ ನಗುತ್ತಲೇ ಕಣ್ಣೊರೆಸಿಕೊಂಡರು.

ಮುಖವಾಡವೀಗ ಸೋಫಾದ ಮೇಲಿನ ಗೋಡೆಯಲ್ಲಿದೆ. ಕೆಳಗೆ ನಾನಿದ್ದೇನೆ. ಮನೆಗೆ ಯಾರೇ ಬರಲಿ, ಅಕ್ಕ ಮೊದಲು ಗೋಡೆಯತ್ತ ಕೈ ತೋರಿಸಿ, "ಇವ ನನ್ನ ತಮ್ಮ" ಎನ್ನುತ್ತಾರೆ. ಆಮೇಲೆ ನನ್ನತ್ತ ತಿರುಗಿ, "ಇದು ಅವನ ನಕಲು."