ಎದುರು ಮನೆಗೆ ಗೊತ್ತಾಗಬಾರದು

ಗೂಢಲಿಪಿ ಕಲಿಸುವವನನ್ನು ಗುಟ್ಟು ನಿಲ್ಲದ ಜನವೇ ಹುಡುಕಿಕೊಂಡು ಬರುವುದು. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಆ ಪಾಠ ಮಾಡುವ ಗಣಿತದ ಮಾಸ್ತರ. ನಮ್ಮ ಪ್ರಿನ್ಸಿಪಾಲರು ತಮ್ಮ ಪಾಸ್‌ವರ್ಡ್ ಭದ್ರವಾಗಿರಲಿ ಎಂದು ನನಗೆ ಹೇಳಿಟ್ಟಿದ್ದಾರೆ. ಆಫೀಸಿನವರಿಗೂ ಹೇಳಿಟ್ಟಿದ್ದಾರೆ.

ಈ ವರ್ಷ ಬಂದವಳು ಬಂಟ್ವಾಳದಲ್ಲಿರುವ ನನ್ನ ಅಕ್ಕ. ಅವಳ ಮಗಳಿಗೆ ನಾರಾವಿಯಿಂದ ಒಬ್ಬ ದನದ ಡಾಕ್ಟರ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಅವನ ಮನೆಯವರು ಒಪ್ಪುವುದು ಬಾಕಿ. ನಮ್ಮಲ್ಲಿ ಗಂಡಿನ ಕಡೆಯವರು ಹುಡುಗಿಯ ನೆರೆಕರೆಯಲ್ಲಿ ವಿಚಾರಿಸುವ ಕ್ರಮ ಉಂಟು. ಹಿಂದೆ ಬಂದ ಎರಡು ಸಂಬಂಧಗಳೂ ಹಾಗೆ ವಿಚಾರಿಸಿದ ಮೇಲೆಯೇ ತಪ್ಪಿಹೋದವು. ಅಕ್ಕನ ಸಂಶಯವೆಲ್ಲ ಎದುರು ಮನೆಯಾಕೆಯ ಮೇಲೆ.

"ಇದು ಮುಗಿಯುವವರೆಗೆ ಅವರಿಗೆ ಒಂದಕ್ಷರ ಗೊತ್ತಾಗಬಾರದು. ನೀನು ಕಲಿತದ್ದು ಮತ್ತೆ ಯಾವಾಗ ಉಪಯೋಗಕ್ಕೆ ಬರುವುದು?" ಎಂದಳು ಅಕ್ಕ.

ಅವಳ ಮಗಳು ಒಂದೇ ಮಾತು ಹೇಳಿದಳು. "ಮಾವ, ಇದೂ ತಪ್ಪಿದರೆ ನಾನು ಇನ್ನು ಯಾರ ಎದುರೂ ಚಾ ಹಿಡಿದು ನಿಲ್ಲುವುದಿಲ್ಲ."

ಒಂದಕ್ಷರ ಮುಂದೆ

ಸಂಬಂಧ ತಂದವರು ಭಾವನ ದೂರದ ಮಾವ. ಅವರಿರುವುದು ಬೆಳ್ತಂಗಡಿಯಲ್ಲಿ. ಎಲ್ಲ ಸುದ್ದಿ ಅವರ ಮೂಲಕವೇ ಬರಬೇಕು, ಹೋಗಬೇಕು. ಅವರಿಗೂ ಭಾವನಿಗೂ ಅತ್ಯಂತ ಹಳೆಯ ವಿಧಾನ ಕಲಿಸಿದೆ: ಪ್ರತಿ ಅಕ್ಷರದ ಬದಲು ವರ್ಣಮಾಲೆಯಲ್ಲಿ ಅದರ ಮುಂದಿನದನ್ನು ಬರೆಯುವುದು. ಎರಡು ಸಾವಿರ ವರ್ಷಗಳ ಹಿಂದೆ ಸೈನ್ಯಗಳನ್ನು ನಡೆಸಿದ ವಿದ್ಯೆ, ಒಂದು ಮದುವೆಗೆ ಸಾಕು ಎಂದುಕೊಂಡೆ.

ಭಾವ ಒಂದು ಇಡೀ ಸಂಜೆ ಕೂತು ಮೊದಲ ಸಂದೇಶ ಬರೆದು ಕಳಿಸಿದರು. ನೋಡಿದರೆ ಗೂಢಲಿಪಿಯ ಕೆಳಗೆ ಅದೇ ವಿಷಯ ಸ್ವಚ್ಛ ಕನ್ನಡದಲ್ಲಿ ಉಂಟು.

"ಭಾವ, ಇದು ಯಾಕೆ?"

"ಅವರು ಹಿರಿಯರಲ್ವಾ ಮಾರಾಯ. ಅವರಿಗೆ ತೊಂದರೆ ಕೊಡುವುದು ಹೇಗೆ?"

ನಿಂಬೆಹುಳಿ

ಮುಂದಿನ ಪಾಠಕ್ಕೆ ಹೋದೆವು. ಈ ಸಲ ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ಕಲಸಿ, ಯಾವುದರ ಬದಲು ಯಾವುದು ಎಂಬ ಕೋಷ್ಟಕ ಮಾಡಿದೆ. ಅದರ ಒಂದು ಪ್ರತಿ ಬೆಳ್ತಂಗಡಿಯ ಮಾವನಿಗೆ ಮುಟ್ಟಬೇಕು. ಗೂಢಲಿಪಿಯ ಚರಿತ್ರೆಯಲ್ಲಿ ಎಲ್ಲರೂ ಎಡವಿದ್ದು ಇಲ್ಲೇ ಎಂದು ನಾನು ಭಾವನಿಗೆ ವಿವರಿಸುವಷ್ಟರಲ್ಲಿ ಅವರು ಅದನ್ನು ಕವರಿಗೆ ಹಾಕಿ ಬೆಳ್ತಂಗಡಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಾಗಿತ್ತು.

ಮಾವ ಬಸ್‌ಸ್ಟ್ಯಾಂಡಿಗೆ ಬರುವುದು ತಡವಾಯಿತು. ಕಂಡಕ್ಟರ್ ಕವರನ್ನು ಪಕ್ಕದ ಹೋಟೆಲಿನಲ್ಲಿ ಬಿಟ್ಟು ಹೋದ. ಯಾರದ್ದೆಂದು ನೋಡಲು ಹೋಟೆಲಿನವರು ಬಿಡಿಸಿದರು. ಹೆಸರಿಲ್ಲ, ಊರಿಲ್ಲ, ಚೌಕಗಳ ಒಳಗೆ ಒಂಟಿ ಅಕ್ಷರಗಳು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಮೇಲೊಂದು ನಿಂಬೆಹುಳಿ ಇಟ್ಟು ದೂರ ನಿಂತರು. ಆಮೇಲೆ ಬಂದ ಮಾವನೂ ದೂರವೇ ನಿಂತು ಭಾವನಿಗೆ ಫೋನ್ ಮಾಡಿದರು.

"ಅದು ನಾನೇ ಕಳಿಸಿದ್ದು ಮಾವ."

"ಅದು ಗೊತ್ತುಂಟು. ನಿನ್ನ ಕೈಯಿಂದ ಇದನ್ನು ಯಾರು ಮಾಡಿಸಿದ್ದು? ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡಿಸುವ."

ನಾನು ಕಂಡ ಅತ್ಯಂತ ಭದ್ರವಾದ ಕೋಷ್ಟಕ ಅದು. ಯಾರೂ ಮುಟ್ಟಲಿಲ್ಲ, ಮುಟ್ಟಬೇಕಾದವರೂ ಸೇರಿ.

ಬೀಗ

ಇನ್ನು ಆಧುನಿಕ ವಿಧಾನವೇ ಗತಿ ಎಂದು ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟೆ. ಅದರ ತತ್ವವನ್ನು ಅಕ್ಕನಿಗೆ ಸರಳವಾಗಿ ಹೇಳಿದೆ. "ತೆರೆದ ಬೀಗವನ್ನು ಊರಿಗೆಲ್ಲ ಹಂಚುವುದು. ಯಾರು ಬೇಕಾದರೂ ಪೆಟ್ಟಿಗೆಗೆ ಹಾಕಿ ಒತ್ತಬಹುದು. ತೆಗೆಯುವ ಬೀಗದ ಕೈ ಮಾತ್ರ ನಮ್ಮ ಹತ್ತಿರ ಇರುವುದು."

"ಅದು ಹೇಗೆ ಆಗ್ತದೆ? ನಮ್ಮ ಬೀಗದ ಕೈ ಎದುರು ಮನೆಯಲ್ಲಿ ಅಲ್ವಾ ಇರುವುದು?"

ಬೀಗದ ಕೈ ಎಂದರೆ ಅವಳ ಮನೆಯ ಬಾಗಿಲಿನದ್ದು. ಎಲ್ಲಿಗೆ ಹೋದರೂ ಅದನ್ನು ಎದುರು ಮನೆಯಲ್ಲಿ ಕೊಟ್ಟು ಹೋಗುವುದು ಅವಳ ರೂಢಿ.

"ಯಾರಿಗೆ ಗೊತ್ತಾಗಬಾರದು ಅಂತ ಇಷ್ಟೆಲ್ಲ ಮಾಡುವುದೋ, ಮನೆಯ ಬೀಗದ ಕೈ ಅವರ ಹತ್ತಿರವೇ?"

"ಕೊಡದಿದ್ದರೆ ಅವರಿಗೆ ಸಂಶಯ ಬರ್ತದೆ," ಎಂದಳು ಅಕ್ಕ.

ಮುಂಬಯಿಯ ಭಾಷೆ

ಆ್ಯಪ್‌ನಲ್ಲಿ ತಪ್ಪಿರಲಿಲ್ಲ. ಜಗತ್ತಿನ ಯಾವ ಕಂಪ್ಯೂಟರಿಗೂ ಅದನ್ನು ಒಡೆಯಲಿಕ್ಕೆ ಸಾಧ್ಯವಿಲ್ಲ. ಆದರೆ ಕಳಿಸಿದ್ದು ಸಿಕ್ಕಿತೋ ಇಲ್ಲವೋ ಎಂದು ಮಾವ ಪ್ರತಿ ಸಲ ಫೋನ್ ಮಾಡಿ ಕೇಳುತ್ತಿದ್ದರು.

ಒಮ್ಮೆ ಭಾವನೂ ನಾನೂ ಬೆಳ್ತಂಗಡಿ ಬಸ್ಸಿನಲ್ಲಿದ್ದಾಗ ಆ ಫೋನ್ ಬಂತು. ಭಾವ ಅತ್ತ ಇತ್ತ ನೋಡಿ, ನನಗೆ ಕಣ್ಣು ಮಿಟುಕಿಸಿ, ಗಟ್ಟಿಯಾಗಿ ತುಳುವಿನಲ್ಲಿ ಶುರು ಮಾಡಿದರು. ನಾರಾವಿ, ದನದ ಡಾಕ್ಟರ್, ಹುಡುಗನ ಅಮ್ಮನ ಮನಸ್ಸು, ಯಾವುದನ್ನೂ ಬಿಡಲಿಲ್ಲ. ಅವರು ಬಹಳ ವರ್ಷ ಮುಂಬಯಿಯ ಹೋಟೆಲಿನಲ್ಲಿದ್ದವರು. ಅಲ್ಲಿ ತುಳು ಮಾತಾಡಿದರೆ ಗಿರಾಕಿಗಳಿಗೆ ಅರ್ಥವಾಗುತ್ತಿರಲಿಲ್ಲ. ಊರಿಗೆ ಬಂದ ಮೇಲೂ ಗುಟ್ಟೆಂದರೆ ಅವರಿಗೆ ತುಳುವೇ.

ಪುಂಜಾಲಕಟ್ಟೆ ದಾಟುವಾಗ ಇಡೀ ಬಸ್ಸು ತನ್ನ ತುಳು ನಿಲ್ಲಿಸಿ ಭಾವನ ತುಳು ಕೇಳುತ್ತಿತ್ತು. ಫೋನ್ ಇಟ್ಟ ಕೂಡಲೇ ಹಿಂದಿನ ಸೀಟಿನ ಹೆಂಗಸು ಮುಂದೆ ಬಾಗಿದರು.

"ಧೈರ್ಯದಲ್ಲಿ ಕೊಡಿ. ನಮ್ಮ ಎಮ್ಮೆಯನ್ನು ಬದುಕಿಸಿದ್ದು ಅದೇ ಹುಡುಗ."

ಎಲ್ಲಿಗೆ?

ಇಷ್ಟಾದರೂ ಅಕ್ಕನ ನೆರೆಕರೆ ಮಾತ್ರ ಶಾಂತವಾಗಿತ್ತು. ಸಾಮಾನ್ಯವಾಗಿ ಅಲ್ಲಿ ಚಪ್ಪಲಿ ಮೆಟ್ಟಿದರೆ ಸಾಕು, ಎಲ್ಲಿಗೆ ಹೊರಟದ್ದು ಎಂದು ಎರಡು ಬೇಲಿಯಿಂದ ಕೇಳುತ್ತಾರೆ. ಈಗ ಅಕ್ಕ ರೇಷ್ಮೆ ಸೀರೆ ಉಟ್ಟು ಹೊರಟರೂ ಯಾರೂ ಕೇಳುವುದಿಲ್ಲ.

"ನಿನ್ನ ವಿದ್ಯೆಗೆ ಶಕ್ತಿ ಉಂಟು," ಎಂದಳು ಅಕ್ಕ. ನಾನು ಅಲ್ಲ ಎನ್ನಲಿಲ್ಲ.

ಕೊನೆಗೆ ನಾರಾವಿಯವರು ಒಪ್ಪಿದರು, ಮಾತುಕತೆ ಗಟ್ಟಿಯಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅಕ್ಕ ಸಿಹಿತಿಂಡಿ ಹಿಡಿದು, ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು ಎದುರು ಮನೆಗೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಎದುರು ಮನೆಯಾಕೆ ಕಾಫಿ ಕೊಟ್ಟು, "ನಾರಾವಿಯವರು ಒಪ್ಪಿದ್ರಲ್ಲ, ಒಳ್ಳೆದಾಯ್ತು," ಎಂದರು.

"ನಿಮಗೆ ಹೇಗೆ ಗೊತ್ತು?"

"ಹುಡುಗನ ಅಮ್ಮ ಮೊದಲು ಬಂದದ್ದೇ ಇಲ್ಲಿಗಲ್ವಾ? ನೀವು ಕೂತ ಕುರ್ಚಿಯಲ್ಲೇ ಕೂತಿದ್ರು. ಹುಡುಗಿ ಚಿನ್ನ, ಅಮ್ಮನಿಗೆ ಸ್ವಲ್ಪ ಸಂಶಯ ಜಾಸ್ತಿ ಅಷ್ಟೇ ಅಂದೆ."

ಅಕ್ಕ ಲೋಟ ಕೆಳಗಿಟ್ಟಳು. "ಹಾಗಾದರೆ ಮೊದಲಿನ ಎರಡು?"

"ಅದನ್ನು ತಪ್ಪಿಸಿದ್ದು ನಾನೇ. ಒಬ್ಬ ವಿಚಾರಿಸಲಿಕ್ಕೆ ಅಮ್ಮನನ್ನು ಬಿಸಿಲಿಗೆ ಇಳಿಸಿ ತಾನು ಎಸಿ ಕಾರಿನಲ್ಲಿ ಕೂತಿದ್ದ. ಇನ್ನೊಬ್ಬರು ಹುಡುಗಿ ಹೇಗೆ ಅಂತ ಕೇಳಲೇ ಇಲ್ಲ, ಜಾಗ ಎಷ್ಟು ಸೆಂಟ್ಸ್ ಅಂತ ಕೇಳಿದ್ರು. ಅಂಥ ಮನೆಗೆ ಕೊಡುವುದಾ?"

ಅಕ್ಕ ತಂದ ಸಿಹಿತಿಂಡಿಯನ್ನು ಅವರ ಮುಂದೆ ಸರಿಸಿದಳು. ನಾನು ಕೇಳಿದೆ, "ನೆರೆಕರೆಯವರಿಗೂ ಗೊತ್ತುಂಟಾ?"

"ಎಲ್ಲರಿಗೂ. ಆದರೆ ನೀವು ಪಾಪ ಅಷ್ಟು ಕಷ್ಟಪಟ್ಟು ಗುಟ್ಟು ಮಾಡ್ತಾ ಇದ್ರಿ. ನಮಗೆ ಗೊತ್ತುಂಟು ಅಂತ ನಿಮಗೆ ಗೊತ್ತಾದರೆ ಬೇಜಾರು ಅಲ್ವಾ? ಯಾರೂ ಎಲ್ಲಿಗೆ ಅಂತ ಕೇಳಬಾರದು ಅಂತ ಮನೆಮನೆಗೆ ಹೇಳಿಟ್ಟಿದ್ದೆ. ಒಬ್ಬರಾದರೂ ಕೇಳಿದ್ರಾ?"

ಒಬ್ಬರೂ ಕೇಳಿರಲಿಲ್ಲ. ಒಂದು ಸಂದೇಶ, ಹತ್ತಾರು ಮನೆ, ಎಲ್ಲೂ ಸೋರಿಕೆ ಇಲ್ಲ.

ಅವರು ನನ್ನ ಕಡೆ ತಿರುಗಿದರು. "ನೀವು ಮೂಡುಬಿದಿರೆ ಕಾಲೇಜಿನಲ್ಲಿ ಗುಟ್ಟು ಮಾಡುವುದು ಹೇಗೆ ಅಂತ ಪಾಠ ಮಾಡುವುದಂತೆ, ಹೌದಾ ಸರ್?"

"ಇಲ್ಲ, ಗಣಿತ," ಎಂದೆ.

"ಆಯ್ತು ಸರ್," ಎಂದರು ಅವರು. "ಯಾರಿಗೂ ಹೇಳುವುದಿಲ್ಲ."