ಕಂಟ್ರೋಲ್ ಕೀಲಿಯ ಸ್ಥಾನಪಲ್ಲಟ

ಈ ಜಗತ್ತಿನಲ್ಲಿ ಯಾವ ವಸ್ತುವೂ ಅದು ಇರಬೇಕಾದ ಜಾಗದಲ್ಲಿ ಇಲ್ಲ ಎಂಬುದು ನಮ್ಮ ಭಾವನವರ ಖಚಿತ ಅಭಿಪ್ರಾಯ. ಬ್ರಹ್ಮ ಸೃಷ್ಟಿಕಾರ್ಯವನ್ನು ಅವಸರದಲ್ಲಿ ಮುಗಿಸಿ ಎದ್ದುಹೋದನಂತೆ. ಉಳಿದ ತಿದ್ದುಪಡಿಗಳನ್ನು ಜಂಗಮಕೋಟೆಯಲ್ಲಿರುವ ಭಾವನವರಿಗೆ ವಹಿಸಿದನಂತೆ. ಹೀಗೆಂದು ಅವರು ಬಾಯಿಬಿಟ್ಟು ಹೇಳಿಲ್ಲ. ಆದರೆ ಅವರ ಮನೆಗೆ ಹೋಗಿಬಂದವರು ಬೇರೆ ತೀರ್ಮಾನಕ್ಕೆ ಬರಲು ಸಾಧ್ಯವೇ?

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ವಯಸ್ಸು ಎಪ್ಪತ್ತೊಂದು. ಹಿಂದೆ ಶಿಡ್ಲಘಟ್ಟದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ತಾಲ್ಲೂಕಿನ ಅರ್ಧದಷ್ಟು ಗುಮಾಸ್ತರ ಬೆರಳುಗಳು ಅವರ ಕೈಕೆಳಗೆ ತಯಾರಾದವು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಕಂಪ್ಯೂಟರು ಕಲಿತರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಬರೆದರೂ ಪ್ರಯೋಜನವಿಲ್ಲ. ಏಕೆಂದರೆ ನಾನು ಬರೆಯುವುದು ಶಾಯಿಪೆನ್ನಿನಲ್ಲಿ, ಅದನ್ನು ಟೈಪ್ ಮಾಡಿ ಪತ್ರಿಕೆಗೆ ಕಳಿಸುವವರು ಅವರು. ತಮಗೆ ಒಪ್ಪಿಗೆಯಾಗದ ಸಾಲು ಬಂದರೆ ವಾದ ಮಾಡುವುದಿಲ್ಲ, ಅದನ್ನು ಟೈಪ್ ಮಾಡುವುದಿಲ್ಲ, ಅಷ್ಟೆ. ಅವರ ಗೊರಕೆಯನ್ನು ಕುರಿತು ನಾನು ಬಹಳ ಶ್ರಮವಹಿಸಿ ಬರೆದ ಒಂದು ಪುಟ ಹೀಗೆ ಜಂಗಮಕೋಟೆಯಲ್ಲೇ ಕಾಲವಾಯಿತು. ಪತ್ರಿಕೆ ಬಂದ ಮೇಲೆ ಕೇಳಿದರೆ, “ಅದು ಇರ್ಬೇಕಾದ ಜಾಗ ಅದಲ್ಲ ಕಣಯ್ಯಾ,” ಎಂದರು.

ಅವರ ಮನೆಯ ಸ್ವಿಚ್ಚುಗಳ ವಿಚಾರ ಕೇಳಿ. ಲೋಕದಲ್ಲಿ ಸ್ವಿಚ್ಚುಗಳು ಭುಜದ ಎತ್ತರಕ್ಕಿರುತ್ತವೆ. ಭಾವನವರ ಮನೆಯಲ್ಲಿ ಮೊಣಕೈ ಎತ್ತರಕ್ಕಿವೆ. ಅಕ್ಕ ರೇಷ್ಮೆಹುಳು ಸಾಕುತ್ತಾಳೆ. ಹಿಪ್ಪುನೇರಳೆ ಸೊಪ್ಪಿನ ತಟ್ಟೆ ಎರಡೂ ಕೈಯಲ್ಲಿ ಹಿಡಿದು ಬರುವವಳು ಮೊಣಕೈಯಲ್ಲೇ ತಟ್ಟಿ ದೀಪ ಹಾಕಿಕೊಳ್ಳಲಿ ಎಂಬುದು ವಾದ. ಸರಿ, ಒಪ್ಪೋಣ. ಆದರೆ ಬಚ್ಚಲುಮನೆಯ ದೀಪದ ಸ್ವಿಚ್ಚನ್ನು ಅಡುಗೆಮನೆಗೆ ಕೊಂಡೊಯ್ದದ್ದಕ್ಕೆ ಏನೆನ್ನಬೇಕು? ಒಳಗೆ ಹೋದವರು ಎಷ್ಟು ಹೊತ್ತಾಯಿತೆಂದು ಮನೆಯೊಡತಿಗೆ ತಿಳಿದಿರಬೇಕಂತೆ. ಕಿಟಕಿಯಿಲ್ಲದ ಆ ಬಚ್ಚಲಲ್ಲಿ ಒಮ್ಮೆ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ ದೀಪ ಆರಿತು. “ಅಕ್ಕಾ, ದೀಪ,” ಎಂದು ಕೂಗಿದೆ. ಹುಳುಮನೆಯಿಂದ ಉತ್ತರ ಬಂತು: “ಸೊಪ್ಪು ಹಾಕ್ತಿದೀನಿ ಕಣೋ. ನಿನ್ ಮೈ ನಿಂಗೆ ಗೊತ್ತಿಲ್ವಾ, ಹಂಗೇ ತೊಳ್ಕೊ.”

ಇದೆಲ್ಲ ಪೀಠಿಕೆ. ಮುಖ್ಯ ಗ್ರಂಥ ಇರುವುದು ಕೀಲಿಮಣೆಯಲ್ಲಿ.

ಕಂಪ್ಯೂಟರಿನ ಕೀಲಿಮಣೆಯ ಎಡಗಡೆ ಕೆಳಮೂಲೆಯಲ್ಲಿ ಕಂಟ್ರೋಲ್ ಎಂಬ ಕೀಲಿ ಇದೆ. ಬರೆದದ್ದನ್ನು ಉಳಿಸಲು, ನಕಲು ಮಾಡಲು, ಅಂಟಿಸಲು, ಎಲ್ಲಕ್ಕೂ ಅದನ್ನು ಎಡಗೈ ಕಿರುಬೆರಳಿನಿಂದ ಅದುಮಿ ಹಿಡಿಯಬೇಕು. ಅದಕ್ಕಿಂತ ಮೇಲೆ, ಬೆರಳು ಸುಖವಾಗಿ ತಲುಪುವ ಜಾಗದಲ್ಲಿ ಕ್ಯಾಪ್ಸ್ ಲಾಕ್ ಎಂಬ ಇನ್ನೊಂದು ಕೀಲಿ ಇದೆ. ಅದನ್ನು ಯಾರೂ ಬೇಕೆಂದು ಒತ್ತುವುದಿಲ್ಲ. ಕೈತಪ್ಪಿ ಒತ್ತಿ ಹಣೆ ಚಚ್ಚಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಈ ಅನ್ಯಾಯ ಭಾವನವರ ಕಣ್ಣಿಗೆ ಬಿತ್ತು.

“ನೋಡಯ್ಯಾ, ಗಳಿಗೆಗೊಂದ್ಸಲ ಬೇಕಾಗೋನ್ನ ಮೂಲೆಗೆ ತಳ್ಳಿದಾರೆ. ಯಾವತ್ತೂ ಬೇಡ್ದೆ ಇರೋನ್ನ ಪಕ್ಕದಲ್ಲೇ ಕೂರಿಸ್ಕೊಂಡಿದಾರೆ. ದುಡಿಯೋ ಮಗನ್ನ ಹಿತ್ಲಿಗೆ ಕಳ್ಸಿ, ಬೀಗರ ಕಡೆ ಸೋಮಾರಿನ ನಡುಮನೇಲಿ ಮಲಗಿಸ್ದಂಗಾಯ್ತು.”

“ಲೋಕವೆಲ್ಲ ಹಂಗೇ ಒತ್ತುತ್ತಲ್ಲ ಭಾವ.”

“ಕೈ ಹೋಗಿ ಕೀಲಿಗೆ ಹೊಂದ್ಕೋಬಾರ್ದು. ಕೀಲಿ ಬಂದು ಕೈಗೆ ಹೊಂದ್ಕೋಬೇಕು.”

“ಈ ನ್ಯಾಯ ಹೆಂಡ್ತಿಗೂ ಉಂಟಾ ಕೇಳೋ,” ಎಂದಳು ಅಕ್ಕ, ತಟ್ಟೆ ಹಿಡಿದು ಹಾದುಹೋಗುತ್ತಾ.

ಅದಕ್ಕೊಂದು ಸಣ್ಣ ತಂತ್ರಾಂಶವಿದೆಯಂತೆ. ಅದನ್ನು ಹಾಕಿ ಕಂಟ್ರೋಲನ್ನು ಮೇಲಕ್ಕೂ ಕ್ಯಾಪ್ಸ್ ಲಾಕನ್ನು ಮೂಲೆಗೂ ವರ್ಗ ಮಾಡಿದರು. ಗುರುತಿಗೆ ಗಾಯಕ್ಕೆ ಹಾಕುವ ಅಂಟುಪಟ್ಟಿ ಕತ್ತರಿಸಿ ಕೀಲಿಗಳ ಮೇಲೆ ಅಂಟಿಸಿ, ಶಾಯಿಯಲ್ಲಿ ಹೆಸರು ಬರೆದರು. ಕೀಲಿಮಣೆ ಆಗತಾನೇ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದಂತೆ ಕಾಣುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಭಾವ ಟೈಪ್ ಮಾಡುವುದು ಜಂಗಮಕೋಟೆಯಲ್ಲಾದರೂ, ಅಕ್ಷರ ಬೀಳುವುದು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಮಂಜುಳ ಎಂಬಾಕೆ ಒಂದು ಪ್ರೆಸ್ಸು ನಡೆಸುತ್ತಾಳೆ. ಮದುವೆ ಕಾರ್ಡು, ಕರಪತ್ರ, ಜಾತಕದ ನಮೂನೆ ಎಲ್ಲವನ್ನೂ ಅಚ್ಚು ಹಾಕುತ್ತಾಳೆ. ಐವತ್ತು ದಾಟಿದ ಹೆಂಗಸು, ಒಂದು ಕಾಲಕ್ಕೆ ಭಾವನವರ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವಳು. ಅವಳಿಗೆ ಬರುವ ಕೆಲಸವನ್ನೂ ನನ್ನ ಬರಹವನ್ನೂ ಟೈಪ್ ಮಾಡುವವರು ಭಾವ. ಅವಳ ಕನ್ನಡ ಅಚ್ಚಿನ ತಂತ್ರಾಂಶ ಹಳೆಯದು. ಅವಳ ಕಂಪ್ಯೂಟರನ್ನು ಬಿಟ್ಟು ಬೇರೆಲ್ಲೂ ತೆರೆಯದು. ಭಾವ ಹುಳುಗಳನ್ನು ಬಿಟ್ಟು ಬರುವಂತಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೇಕು. ಆದ್ದರಿಂದ ಮಧ್ಯಾಹ್ನ ಎರಡಕ್ಕೆ ಮಂಜುಳ ಊಟಕ್ಕೆ ಎದ್ದ ಮೇಲೆ, ಭಾವ ತಮ್ಮ ಲ್ಯಾಪ್‌ಟಾಪಿನಿಂದ ಇಂಟರ್‌ನೆಟ್ ಮೂಲಕ ಅವಳ ಕಂಪ್ಯೂಟರಿನೊಳಕ್ಕೆ ಪ್ರವೇಶ ಮಾಡುತ್ತಾರೆ. ಅಲ್ಲಿನ ಪರದೆ ಇಲ್ಲಿ ಮೂಡುತ್ತದೆ, ಇಲ್ಲಿ ಒತ್ತಿದ್ದು ಅಲ್ಲಿ ಮೂಡುತ್ತದೆ. ಖಾಲಿ ಕುರ್ಚಿಯ ಮುಂದೆ ಅಕ್ಷರಗಳು ತಾವಾಗಿಯೇ ಸಾಲುಗಟ್ಟುವುದನ್ನು ಕಂಡು, ಕಾರ್ಡು ಮಾಡಿಸಲು ಬಂದ ಅಜ್ಜಿಯೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಬಂದರಂತೆ.

ಎರಡು ವರ್ಷ ಇದು ಗಡಿಯಾರದ ಹಾಗೆ ನಡೆಯಿತು. ಹೋದ ತಿಂಗಳು ಕೆಟ್ಟಿತು.

ಭಾವನವರಿಗೆ ಸಾಲಿಗೊಮ್ಮೆ ಕಂಟ್ರೋಲ್ ಒತ್ತಿ ಬರೆದದ್ದನ್ನು ಉಳಿಸುವ ಅಭ್ಯಾಸ. ಒಂದು ಮಧ್ಯಾಹ್ನ ಹಾಗೆ ಒತ್ತಿದರೆ ಅದು ಕಂಟ್ರೋಲ್ ಆಗಲಿಲ್ಲ, ಹಳೆಯ ಕ್ಯಾಪ್ಸ್ ಲಾಕೇ ಆಗಿ ಕೂತಿತು. ಕನ್ನಡ ಟೈಪಿಂಗಿನಲ್ಲಿ ಕ್ಯಾಪ್ಸ್ ಲಾಕ್ ಬಿದ್ದರೆ ಕಕಾರವೆಲ್ಲ ಖಕಾರ, ಜಕಾರವೆಲ್ಲ ಝಕಾರ. ಇನ್ನೊಮ್ಮೆ ಒತ್ತಿದರೆ ಮತ್ತೆ ಸೌಮ್ಯ. ಹೀಗಾಗಿ ಒಂದು ಸಾಲು ಸಾಧುಗಳ ಪ್ರವಚನ, ಮರುಸಾಲು ಪೌರಾಣಿಕ ನಾಟಕದಲ್ಲಿ ಗದೆ ಹಿಡಿದವರ ಅಬ್ಬರ. ಮಂಜುಳ ಎಷ್ಟು ತಿದ್ದಿದರೂ ಒಂದು ಕಣ್ತಪ್ಪಿ ಹೋಯಿತು. ಚಿಂತಾಮಣಿಯ ಜೋಯಿಸರೊಬ್ಬರ ಜಾತಕದ ನಮೂನೆಯಲ್ಲಿ ‘ಜನನ’ ಎಂದಿರಬೇಕಾದಲ್ಲಿ ‘ಝಣಣ’ ಎಂದು ಅಚ್ಚಾಯಿತು. ಜೋಯಿಸರು ದೊಡ್ಡ ಮನಸ್ಸಿನವರು. “ಪರವಾಲೇದು ಬಿಡಮ್ಮ, ಮಗು ಬಂದಾಗ ಮನೇಲಿ ಹಂಗೇ ಇರ್ತದೆ ಸದ್ದು,” ಎಂದು ತೆಗೆದುಕೊಂಡು ಹೋದರು.

ಮರುವಾರ ನಾನು ಜಂಗಮಕೋಟೆಗೆ ಹೋದಾಗ ಭಾವ ಎಂದಿನಂತಿರಲಿಲ್ಲ. ನನ್ನ ಷರ್ಟಿನ ಜೇಬು ತಪ್ಪು ಕಡೆ ಇದೆ ಎಂದು ಕೂಡ ಹೇಳಲಿಲ್ಲ. ಅಕ್ಕ ಒಳಗೆ ಹೋಗುವುದನ್ನೇ ಕಾದು, ದನಿ ತಗ್ಗಿಸಿದರು.

“ನೀನು ಮಂಜುಳನ ಪ್ರೆಸ್ ಕಡೆ ಹೋಗ್ತಿರ್ತೀಯಲ್ಲ, ಏನಾದ್ರೂ ಅಂದ್ಲಾ?”

“ಏನಂತಾಳೆ?”

“ಒಂದಿನ ಸರಿ ಬರುತ್ತೆ, ಒಂದಿನ ಉಲ್ಟಾ ಬರುತ್ತೆ. ನಾನು ಇಲ್ಲಿ ಬದಲಾಯಿಸ್ತೀನಿ, ಅದು ಅಲ್ಲಿ ಇನ್ನೊಂದಾಗುತ್ತೆ. ಮೇಷ್ಟ್ರ ಕೈ ಹೋಯ್ತು ಅಂತ ಅಂದ್ಕೊಂಡಿರ್ತಾಳೆ.”

“ಒಂದು ಫೋನ್ ಮಾಡಿ ಕೇಳಿದ್ರಾಗೋದಲ್ಲ.”

ಭಾವ ನನ್ನನ್ನು ದುರುಗುಟ್ಟಿ ನೋಡಿದರು. “ಟೈಪಿಂಗ್ ಹೇಳ್ಕೊಟ್ಟೋನು ಶಿಷ್ಯೆಗೆ ಫೋನ್ ಮಾಡಿ, ಅಮ್ಮಾ ನಂಗೆ ಟೈಪ್ ಮಾಡೋಕಾಗ್ತಿಲ್ಲ ಅನ್ನೋದಾ? ಸುಮ್ನೆ ನೋಡ್ಕೊಂಡು ಬಾ. ಅವಳಿಗೆ ಹಂಗನ್ನಿಸಿದ್ರೆ ನಾನೇ ನಿಲ್ಲಿಸ್ಬಿಡ್ತೀನಿ. ಸಾಕು ಮೇಷ್ಟ್ರೇ ಅಂತ ಅವಳ ಬಾಯಲ್ಲಿ ಅನ್ನಿಸ್ಬಾರ್ದು.”

ಟೈಪಿಂಗ್ ಬಿಟ್ಟರೆ ಭಾವನವರಿಗೆ ಉಳಿಯುವುದು ಹುಳು ಮತ್ತು ಸ್ವಿಚ್ಚು. ಅವರು ಆ ಮನೆಯಲ್ಲಿ ಇನ್ನೇನನ್ನು ಎಲ್ಲಿಗೆ ಸ್ಥಳಾಂತರಿಸಿಯಾರೆಂದು ಊಹಿಸಿ, ಅಕ್ಕನ ಮೇಲಿನ ಕರುಣೆಯಿಂದ, ರಾಯಭಾರಕ್ಕೆ ಒಪ್ಪಿದೆ.

ಮಂಜುಳ ನನ್ನನ್ನು ಕಂಡವಳೇ ಕುರ್ಚಿ ಒರೆಸಿ ಕೂರಿಸಿ, ಚಹಾ ತರಿಸಿ, ಅವಳೂ ದನಿ ತಗ್ಗಿಸಿದಳು.

“ಅಣ್ಣಾ, ಮೇಷ್ಟ್ರು ಏನಾದ್ರೂ ಬೇಜಾರು ಮಾಡ್ಕೊಂಡ್ರಾ?”

“ಯಾಕಮ್ಮ?”

“ಒಂದು ತಪ್ಪು ಮಾಡ್ದೆ. ಅವರಿಗೆ ಸುಲಭ ಆಗ್ಲಿ ಅಂತ ಈ ಕಂಪ್ಯೂಟರಲ್ಲಿ ಕಂಟ್ರೋಲ್ ಮೇಲಕ್ಕೆ ಹಾಕ್ದೆ, ಕ್ಯಾಪ್ಸ್ ಲಾಕ್ ಕೆಳಕ್ಕೆ. ಹೇಳದೇ ಮಾಡ್ದೆ. ಅವತ್ತಿಂದ್ಲೇ ಎಲ್ಲಾ ಉಲ್ಟಾ. ವಾಪಸ್ ಹಾಕಿದ್ರೆ ಆಗ್ಲೂ ಉಲ್ಟಾ.”

ಆಗ ನನಗೆ ಬೆಳಕಾಯಿತು. ಒಂದು ಅಂಗಿ ಒಳಮೈ ಹೊರಗಾಗಿದೆ ಎಂದಿಟ್ಟುಕೊಳ್ಳಿ. ಜಂಗಮಕೋಟೆಯಲ್ಲಿ ಒಬ್ಬರು ಅದನ್ನು ತಿರುಗಿಸಿ ಸರಿಮಾಡಿದರು. ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬಳು, ಪಾಪ ಉಪಕಾರವಾಗಲೆಂದು, ಮತ್ತೆ ತಿರುಗಿಸಿದಳು. ಎರಡು ಸಲ ತಿರುಗಿಸಿದ ಅಂಗಿ ಮೊದಲಿನ ಹಾಗೇ! ಮರುದಿನ ಇವರು ತಮ್ಮದೇ ತಪ್ಪೆಂದು ತಿರುಗಿಸುವುದನ್ನು ಬಿಟ್ಟರು. ಅದೇ ದಿನ ಅವಳೂ ತನ್ನದೇ ತಪ್ಪೆಂದು ಬಿಟ್ಟಳು. ಕಿರಿದಾದ ಬಾಗಿಲಲ್ಲಿ ಎದುರಾದ ಬೀಗರು ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಒಂದೇ ಕಡೆಗೆ ಸರಿಯುತ್ತಾರಲ್ಲ, ಹಾಗೆ ಒಂದು ತಿಂಗಳು ಕುಣಿದಿದ್ದಾರೆ. ಶಿಷ್ಯೆಯನ್ನು ಕೇಳಲು ಗುರುವಿಗೆ ಮಾನ. ಗುರುವಿಗೆ ಹೇಳಲು ಶಿಷ್ಯೆಗೆ ಭಯ. ನಡುವೆ ಜೋಯಿಸರಿಗೆ ಝಣಣ.

ನಾನು ನಕ್ಕು ವಿಷಯ ತಿಳಿಸಿದೆ. ಅವಳೂ ಸೆರಗು ಬಾಯಿಗಿಟ್ಟು ನಕ್ಕಳು. ಕೊನೆಗೆ ಕೇಳಿದೆ:

“ಅಲ್ಲಮ್ಮ, ಅವರಿಗೆ ಕಂಟ್ರೋಲ್ ಮೇಲಿದ್ರೆ ಸುಲಭ ಅಂತ ನಿಂಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅವರು ಟೈಪ್ ಮಾಡಿದ್ದರಲ್ಲಿ ಟ ಬಿಟ್ಟುಹೋಗೋಕೆ ಶುರುವಾಯ್ತು ಅಣ್ಣಾ. ಶಿಡ್ಲಘಟ್ಟ ಪೂರ್ತಿ ಬರಲ್ಲ. ಅವರೂರಿನ ಹೆಸರೇ ಜಂಗಮಕೋ ಅಂತ ನಿಂತೋಗುತ್ತೆ. ಟ ಒತ್ತೋದು ಎಡಗೈ ಕಿರುಬೆರಳು. ತಪ್ಪು ನೋಡಿ ಬೆರಳು ಹೇಳ್ಬೇಕು ಅಂತ ಅವರೇ ಹೇಳ್ಕೊಟ್ಟಿದ್ದು. ಆ ಬೆರಳು ಜೋಮು ಹಿಡೀತಿದೆ.”

ನಾನು ಚಹಾ ಲೋಟ ಕೆಳಗಿಟ್ಟೆ. ಎರಡು ವರ್ಷದಿಂದ ಆ ಕೀಲಿಮಣೆಯ ಅಂಟುಪಟ್ಟಿಗಳನ್ನು ನೋಡಿ ನಗುತ್ತಿದ್ದವನು ನಾನು. ಗಾಯ ಕೀಲಿಗಲ್ಲ, ಬೆರಳಿಗೆ ಎಂದು ಹೊಳೆದಿರಲಿಲ್ಲ.

ಮಂಜುಳ ತನ್ನ ಎಡಗೈಯನ್ನು ಮೇಜಿನ ಮೇಲಿಟ್ಟಳು. ಅದರ ಕಿರುಬೆರಳು ಒಳಕ್ಕೆ ಮಡಚಿಕೊಂಡಿತ್ತು. ಶಿಡ್ಲಘಟ್ಟದಲ್ಲಿ ಅವರ ಮನೆಯಲ್ಲಿ ರೇಷ್ಮೆನೂಲು ತೆಗೆಯುತ್ತಿದ್ದರಂತೆ. ಚಿಕ್ಕವಳಿದ್ದಾಗ ಗೂಡು ಬೇಯಿಸುವ ಕುದಿನೀರಿಗೆ ಕೈ ಬಿದ್ದಿತ್ತಂತೆ. ಎಷ್ಟೋ ವರ್ಷದಿಂದ ಆ ಕೈಯಿಂದ ಕಾರ್ಡು, ಕರಡು ಇಸಿದುಕೊಂಡಿದ್ದೇನೆ. ಅದನ್ನೂ ನೋಡಿರಲಿಲ್ಲ.

“ಟೈಪ್‌ರೈಟರಲ್ಲಿ ಎಡಗಡೆ ಶಿಫ್ಟ್ ಕೀ ಒತ್ತೋಕೆ ನಂಗಾಗ್ತಿರಲಿಲ್ಲ. ಬಿಟ್ಬಿಡ್ತೀನಿ ಅಂದೆ. ಮೇಷ್ಟ್ರು ಆ ಕೀಗೆ ಒಂದು ದಾರ ಕಟ್ಟಿ, ಮೇಜಿಗೆ ತೂತು ಕೊರೆದು ಕೆಳಕ್ಕೆ ಇಳಿಬಿಟ್ಟು, ಹಳೇ ಹವಾಯಿ ಚಪ್ಪಲಿಗೆ ಕಟ್ಟಿದ್ರು. ಕಾಲು ಸುಮ್ನೆ ಕೂತಿದೆ, ಅದಕ್ಕೂ ಒಂದು ಕೆಲಸ ಕೊಡಣ ಅಂದ್ರು. ಪರೀಕ್ಷೆಗೆ ಆ ಮಿಷನ್ನೇ ತೊಡೆ ಮೇಲಿಟ್ಕೊಂಡು ಬಸ್ಸಲ್ಲಿ ಇಲ್ಲಿಗೆ ತಂದ್ರು. ಚಪ್ಪಲಿ ನೇತಾಡ್ತಿತ್ತು. ದೃಷ್ಟಿಗೆ ಕಟ್ಟಿದಾರೆ ಅಂತ ಅಂದ್ಕೊಂಡ್ರು ಬಸ್ಸಿನೋರು.”

“ಪರೀಕ್ಷೆಯೋರು ಸುಮ್ನಿದ್ರಾ?”

“ಕಾಲಲ್ಲಿ ಟೈಪ್ ಮಾಡೋದು ಯಾವ ರೂಲಲ್ಲಿದೆ ಅಂದ್ರು. ಮಾಡಬಾರ್ದು ಅಂತ ಯಾವ ರೂಲಲ್ಲಿದೆ ತೋರ್ಸಿ ಸ್ವಾಮಿ ಅಂದ್ರು ಮೇಷ್ಟ್ರು. ರೂಲ್ಸ್ ಪುಸ್ತಕ ಹುಡುಕೋಷ್ಟ್ರಲ್ಲಿ ನಾನು ಬರೆದು ಮುಗಿಸಿದ್ದೆ.”

ಕೀಲಿ ಬಂದು ಕೈಗೆ ಹೊಂದಿಕೊಳ್ಳಬೇಕು. ಸಿದ್ಧಾಂತ ಎರಡು ವರ್ಷದ ಹಿಂದಿನದಲ್ಲ, ಮೂವತ್ತು ವರ್ಷ ಹಳೆಯದು.

ಕೊನೆಗೆ ಒಪ್ಪಂದವಾಯಿತು. ಅಂಗಿಯನ್ನು ಒಬ್ಬರೇ ತಿರುಗಿಸತಕ್ಕದ್ದು. ಆ ಒಬ್ಬರು ಭಾವ. ಮಂಜುಳ ತನ್ನ ಕಂಪ್ಯೂಟರನ್ನು ಇದ್ದ ಹಾಗೆ ಬಿಡತಕ್ಕದ್ದು. ಬಿಟ್ಟುಹೋದ ಟಗಳನ್ನು ಯಾರಿಗೂ ಹೇಳದೆ ತುಂಬಿಸುವ ಅಧಿಕಾರವನ್ನು ಅವಳು ತನ್ನಲ್ಲೇ ಉಳಿಸಿಕೊಂಡಳು. ನಾನು ಎದ್ದಾಗ ಬಾಗಿಲವರೆಗೂ ಬಂದು, “ಮೇಷ್ಟ್ರ ಬೆರಳು ಡಾಕ್ಟರಿಗೆ ತೋರ್ಸಿ ಅಣ್ಣಾ. ನಾನಂದೆ ಅಂತ ಹೇಳ್ಬೇಡಿ,” ಎಂದಳು.

ಜಂಗಮಕೋಟೆಯಲ್ಲಿ ಭಾವ ಹುಳುಗಳಿಗೆ ಸೊಪ್ಪು ಹರಡುತ್ತಿದ್ದರು, ಬಲಗೈಯಲ್ಲಿ. “ಕೈ ಏನೂ ಹೋಗಿಲ್ಲ ಭಾವ. ಅವಳೂ ಅಲ್ಲಿ ಕೀಲಿ ಬದಲಾಯಿಸಿದ್ಲು, ಅದಕ್ಕೇ ಹಂಗಾಯ್ತು. ಇನ್ನು ಮುಟ್ಟಲ್ಲ,” ಎಂದೆ. ಗೆದ್ದವರ ಹಾಗೆ ನಗುತ್ತಾರೆ ಎಂದುಕೊಂಡಿದ್ದೆ. ಅವರು ಸೊಪ್ಪು ಹರಡುವುದನ್ನು ನಿಲ್ಲಿಸಿದರು. ಅವಳು ಯಾಕೆ ಬದಲಾಯಿಸಿದಳು ಎಂದು ಕೇಳಲಿಲ್ಲ. ತಟ್ಟೆಯನ್ನೇ ನೋಡುತ್ತಾ ಹೇಳಿದರು:

“ಅವಳದೊಂದು ಕಿರುಬೆರಳಿತ್ತಲ್ಲಯ್ಯಾ, ಎಡಗೈದು. ಈಗ ಹೆಂಗಿದೆ? ನಾನು ಕೇಳ್ದೆ ಅಂತ ಹೇಳ್ಬೇಡ.”

ಇಬ್ಬರಿಗೂ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೇನೆ. ಯಾರಿಗೂ ಬಾಯಿಬಿಟ್ಟು ಹೇಳಿಲ್ಲ, ಬರೆದಿದ್ದೇನೆ, ಅಷ್ಟೆ. ಈ ಹಾಳೆಗಳು ನಾಳೆ ಜಂಗಮಕೋಟೆಗೆ ಹೋಗುತ್ತವೆ. ಮಧ್ಯಾಹ್ನ ಎರಡಕ್ಕೆ ಭಾವ ಟೈಪ್ ಮಾಡುತ್ತಾರೆ, ಅಕ್ಷರಗಳು ಮಂಜುಳಳ ಪರದೆಯ ಮೇಲೆ ಬೀಳುತ್ತವೆ, ಊಟ ಮುಗಿಸಿ ಬಂದು ಅವಳು ಕರಡು ತಿದ್ದುತ್ತಾಳೆ. ಟಕಾರಗಳೆಲ್ಲ ಸರಿಯಾಗಿದ್ದರೆ ಅದು ಅವಳ ಕೆಲಸ. ಕಿರುಬೆರಳಿನ ಈ ಸಂಗತಿ ನಿಮ್ಮವರೆಗೆ ಬಂದಿದ್ದರೆ, ಅದು ಇರಬೇಕಾದ ಜಾಗ ಇದೇ ಎಂದು ಭಾವ ಒಪ್ಪಿದ್ದಾರೆ ಎಂದು ತಿಳಿಯಿರಿ.